ಸೂಜಿ ಸಿಕ್ಕಿಕೊಂಡ ಜಾಗ

ಗುಜರಿ ಅಂಗಡಿಗೆ ಬಂದು ಯಾರಾದರೂ ಒಂದು ಸಾಮಾನನ್ನು ಹೆಸರು ಹಿಡಿದು ಕೇಳಿದರೆ ನಾನು ಕೂಡಲೇ ಕೊಡುವುದಿಲ್ಲ. ಅದರಲ್ಲಿ ಏನೋ ಇದೆ ಎಂದೇ ಅರ್ಥ. ತೂತು ಹಂಡೆ ಕೇಳಿದವನು ತಾಮ್ರಕ್ಕೆ ಬಂದಿರುತ್ತಾನೆ. ಒಡೆದ ರೇಡಿಯೋ ಕೇಳಿದವನು ಅದರ ಹೊಟ್ಟೆಯೊಳಗಿನ ಯಾವುದೋ ತುಣುಕಿಗೆ ಬಂದಿರುತ್ತಾನೆ. ಶಾಲೆ ನನಗೆ ಐದನೇ ಇಯತ್ತೆಗೆ ಮುಗಿಯಿತು. ಶಿರಾಲಿಯಲ್ಲಿ ಹೆದ್ದಾರಿ ಬದಿಗೆ ಅಂಗಡಿ ಹಾಕಿಕೊಂಡು ಇಷ್ಟು ವರ್ಷದಲ್ಲಿ ಕಲಿತ ವಿದ್ಯೆ ಇದೊಂದೇ: ಕೇಳುವವನ ಕೈ ನೋಡಬಾರದು, ಕಣ್ಣು ಎಲ್ಲಿ ಓಡುತ್ತದೆ ನೋಡಬೇಕು.

ಹಾಗಾಗಿ ವಂದನಾ ಬಾಯಿ ಮೊದಲ ಸಲ ಬಂದ ದಿನವೇ ನನಗೆ ಸಂಶಯ ಬಂದಿತ್ತು. ಹೊನ್ನಾವರದ ಬಸ್ಸಿನಿಂದ ಇಳಿದು, ಕೊಡೆ ಮಡಚಿಕೊಂಡು ಸೀದಾ ಒಳಗೆ ಬಂದರು. ಅರವತ್ತು ದಾಟಿದ ತೆಳ್ಳನೆಯ ಹೆಂಗಸು. ಕುತ್ತಿಗೆಯಲ್ಲಿ ಬಟ್ಟೆ ಅಳೆಯುವ ಪಟ್ಟಿ ಹಾಗೇ ನೇತಾಡುತ್ತಿತ್ತು. ಹೊಲಿಗೆ ಮಷಿನ್ನಿನಿಂದ ಎದ್ದವರು ಅದನ್ನು ತೆಗೆದಿಡಲು ಮರೆತಿದ್ದರು.

"ಏಣಿ ಇದ್ಯಾ ನಾಯ್ಕರೇ?" ಎಂದು ಕೇಳಿದರು.

"ಇದೆ. ಕಬ್ಬಿಣದ್ದು ಬೇಕಾ, ಅಲ್ಯುಮಿನಿಯಂದಾ?"

"ಅಲ್ಲ, ಕೇಳೂ ಏಣಿ."

ನನ್ನ ತಲೆ ಬಿಸಿಯಾಗಲು ಬಹಳ ಹೊತ್ತು ಬೇಡ. "ಬಾಯಿ, ಹತ್ತೂ ಏಣಿ ಇದೆ, ಇಳಿಯೂ ಏಣಿ ಇದೆ. ಕೇಳೂ ಏಣಿ ಮಾಡೂ ಆಚಾರಿ ಇನ್ನೂ ಹುಟ್ಟಲಿಲ್ಲ" ಎಂದೆ.

ಅವರು ನಗಲಿಲ್ಲ. "ಕ್ಯಾಸೆಟ್ಟು ಮಾರಾಯಾ. ಮೇಲೆ ಕನ್ನಡದಲ್ಲಿ ಏಣಿ ಅಂತ ಬರ್ದಿರ್ತದೆ. ಇಲ್ಲಾ ಬಸ್ಸು ಅಂತ. ಇಲ್ಲಾ ಕೊಡೆ ಅಂತ. ಮೂರರಲ್ಲಿ ಯಾವ್ದಿದ್ರೂ ಆತು."

ನಾನು ಇಲ್ಲ ಎಂದೆ. ಒಳಗೆ ಒಂದು ಗೋಣಿಚೀಲದ ತುಂಬ ಕ್ಯಾಸೆಟ್ಟು ಬಿದ್ದಿತ್ತು, ನಿಜ. ಆದರೆ ಈ ಕಾಲದಲ್ಲಿ ಕ್ಯಾಸೆಟ್ಟನ್ನು ದಾರಿಯಲ್ಲಿ ಬಿಸಾಡಿದರೆ ದನವೂ ಮೂಸುವುದಿಲ್ಲ. ಅದನ್ನು ಒಬ್ಬರು ಬಸ್ಸು ಹತ್ತಿ ಬಂದು, ಹೆಸರು ಹಿಡಿದು ಕೇಳುತ್ತಾರೆ ಎಂದರೆ ಸುಮ್ಮನೆ ಕೊಡಲು ನಾನೇನು ಹುಚ್ಚನೇ?

ಅವರು ಹೋದ ಮೇಲೆ ಚೀಲ ಸುರಿದು ಹುಡುಕಿದೆ. ಒಂದು ಸಿಕ್ಕಿತು. ನೀಲಿ ಶಾಯಿಯಲ್ಲಿ, ಗುಂಡು ಅಕ್ಷರದಲ್ಲಿ 'ಏಣಿ' ಎಂದು ಬರೆದಿತ್ತು. ತಿರುಪು ಬಿಚ್ಚಿ ಒಳಗೆ ನೋಡಿದೆ. ಚಿನ್ನವೂ ಇರಲಿಲ್ಲ, ಚೀಟಿಯೂ ಇರಲಿಲ್ಲ. ಸುರುಳಿ ಮಾತ್ರ. ಅಲ್ಲಿಗೆ ನನ್ನ ಸಂಶಯ ಇನ್ನೂ ಹೆಚ್ಚಾಯಿತು. ಕಾಣುವ ಬೆಲೆಗಿಂತ ಕಾಣದ ಬೆಲೆ ದೊಡ್ಡದಿರುತ್ತದೆ.

ವಿಚಾರಿಸಲು ಹೊರಟೆ. ತದಡಿಯಿಂದ ಹಳೇ ಬಲೆ, ದೋಣಿಯ ಕಬ್ಬಿಣ ತರುವ ನನ್ನ ಪರಿಚಯದವನೊಬ್ಬ, ಆ ಹೆಂಗಸು ಅಲ್ಲಿಗೂ ಬಂದಿದ್ದರೆಂದು ಹೇಳಿದ. ದೋಣಿ ಮಾಲೀಕರ ಮನೆಮನೆಗೆ ಹೋಗಿ ಹಳೇ ಕ್ಯಾಸೆಟ್ಟು ಕೇಳಿದ್ದರಂತೆ. ಭಟ್ಕಳದಲ್ಲಿ ಒಬ್ಬ, ಓಂ ಬೀಚಿನ ಫಾರಿನ್ನಿನವರು ಇಂಥದ್ದಕ್ಕೆಲ್ಲ ಕೇಳಿದಷ್ಟು ಕೊಡುತ್ತಾರೆ ಎಂದ. ಇನ್ನೊಬ್ಬ, ಯಾವುದೋ ಹಳೇ ಕೇಸು ಇರಬೇಕು, ಯಾರದೋ ಮಾತು ಅದರಲ್ಲಿ ಸಿಕ್ಕಿಬಿದ್ದಿರಬೇಕು ಎಂದ. ಮೂವರದೂ ನಂಬುವ ಹಾಗಿತ್ತು. ಅದಕ್ಕೇ ನಾನು ಮೂವರನ್ನೂ ನಂಬಲಿಲ್ಲ. ಹೊನ್ನಾವರ ಬಜಾರಿನಲ್ಲಿ ನನ್ನ ಹಾಗೇ ಗುಜರಿ ಇಟ್ಟವನನ್ನು ಕೇಳಿದೆ. ಅವನು ಹೇಳಿದ ಮೇಲೆ, ಆಮೇಲೆ ವಂದನಾ ಬಾಯಿಯೇ ಹೇಳಿದ ಮೇಲೆ, ನನಗೆ ತಿಳಿದದ್ದು ಇಷ್ಟು.

ವಂದನಾ ಶಾನಭಾಗ ಅವರ ಅಣ್ಣ ಕೃಷ್ಣಾನಂದ ಶಾನಭಾಗರು ಒಂದು ಕಾಲದಲ್ಲಿ ಹೊನ್ನಾವರದಲ್ಲಿ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದರು. ನನ್ನ ವಯಸ್ಸಿನವರಿಗೆ ನೆನಪಿರುತ್ತದೆ, ಖಾಲಿ ಕ್ಯಾಸೆಟ್ಟು ಕೊಟ್ಟರೆ ಬೇಕಾದ ಹಾಡು ತುಂಬಿಸಿ ಕೊಡುತ್ತಿದ್ದರು. ಬೋರ್ಡಿನ ಮೇಲೆ ಹೆಸರು ಅಣ್ಣನದು, ಒಳಗೆ ಮಷಿನ್ನಿನ ಮುಂದೆ ಕೂರುತ್ತಿದ್ದುದು ತಂಗಿ. ಆಗ ಹತ್ತೊಂಬತ್ತರ ಹುಡುಗಿ. ಭಜನೆ, ಸಿನೆಮಾ ಹಾಡು ಎಲ್ಲ ಅಂಗಡಿಯಲ್ಲೂ ಸಿಗುತ್ತಿತ್ತು. ಭಟ್ಕಳ, ಕುಮಟಾದಿಂದ ಜನ ಇಲ್ಲಿಗೇ ಬರುತ್ತಿದ್ದುದು ಮೂರು ಇಂಗ್ಲಿಷ್ ಪ್ಲೇಟಿಗಾಗಿ. ಗ್ರಾಮಫೋನ್ ತಟ್ಟೆಗೆ ನಮ್ಮಲ್ಲಿ ಪ್ಲೇಟು ಎನ್ನುವುದು. ಎಪ್ಪತ್ತೆಂಟು, ಎಪ್ಪತ್ತೊಂಬತ್ತರಲ್ಲಿ ಹೊರದೇಶದಲ್ಲಿ ಬಂದ ಆ ಪ್ಲೇಟುಗಳನ್ನು ಭಟ್ಕಳದ ಮೀರಾನ್ ಸಾಹೇಬರು ದುಬೈಯಿಂದ ತಂದಿದ್ದರು. ಮರುವರ್ಷ ವಾಪಸು ಹೋಗುವಾಗ, ಮನೆಯಲ್ಲಿ ಕೇಳುವವರಿಲ್ಲ, ನಾನು ತಿರುಗಿ ಬರುವ ತನಕ ನೀವು ಇಟ್ಟುಕೊಳ್ಳಿ ಎಂದು ಕೃಷ್ಣಾನಂದರಿಗೆ ಕಳಿಸಿಕೊಟ್ಟಿದ್ದರು.

ಒಂದರ ಹೊದಿಕೆಯ ಮೇಲೆ ಸಮುದ್ರದ ನೀರಿನಲ್ಲಿ ಸುಮ್ಮನೆ ನಿಂತ ಏಣಿ, ಹತ್ತುವವರಿಲ್ಲ. ಅದರಲ್ಲಿ ಗಿಟಾರಿನ ಅಬ್ಬರ. ಇನ್ನೊಂದರ ಮೇಲೆ ಹಳದಿ ಬಸ್ಸು, ಅದು ಕುಣಿಯುವ ಹಾಡುಗಳದ್ದು. ಮೂರನೆಯದರಲ್ಲಿ ಮರಳುಗಾಡಿನಲ್ಲಿ ಕೊಡೆ ಹಿಡಿದ ಹೆಂಗಸು. ಅದು ನಿಧಾನ, ಅಳು ಬರಿಸುವಂಥದ್ದು. ಅವುಗಳ ಇಂಗ್ಲಿಷ್ ಹೆಸರು ಗಿರಾಕಿಗಳ ನಾಲಿಗೆಗೆ ಹತ್ತುತ್ತಿರಲಿಲ್ಲ. ಹುಡುಗಿ ಚಿತ್ರ ನೋಡಿ ಕನ್ನಡದಲ್ಲಿ ಬರೆದುಬಿಟ್ಟಳು. ಜನ ಹೋಟೆಲಿನಲ್ಲಿ ತಿಂಡಿ ಹೇಳಿದ ಹಾಗೆ, ಒಂದು ಬಸ್ಸು, ಒಂದು ಕೊಡೆ ಎಂದು ಹೇಳಿ ಹೋಗುತ್ತಿದ್ದರು.

ಪ್ಲೇಟಿನಿಂದ ಕ್ಯಾಸೆಟ್ಟಿಗೆ ಹಾಡು ಇಳಿಸಬೇಕೆಂದರೆ ಪ್ಲೇಟು ಪೂರ್ತಿ ತಿರುಗಲೇಬೇಕು. ಅವಸರ ಮಾಡುವ ಹಾಗಿಲ್ಲ. ದಿನವಿಡೀ ಅದೇ ಮೂರು ಪ್ಲೇಟು, ಅದೇ ಹಾಡು. ಇಂಗ್ಲಿಷ್ ಒಂದಕ್ಷರ ತಿಳಿಯದಿದ್ದರೂ ಯಾವ ಹಾಡಿನ ಎಲ್ಲಿ ಹಾಡುವವನು ಉಸಿರು ಎಳೆದುಕೊಳ್ಳುತ್ತಾನೆ ಎಂದು ವಂದನಾ ಬಾಯಿಗೆ ಗೊತ್ತಿತ್ತು. ನಿಮಗೆ ಮೂರರಲ್ಲಿ ಯಾವುದು ಇಷ್ಟ ಎಂದು ನಾನು ಒಮ್ಮೆ ಕೇಳಿದ್ದೆ. "ಇಷ್ಟ ಅಂತ ಕೇಳಿದ್ದಲ್ಲ, ಕೆಲಸ ಅಂತ ಕೇಳಿದ್ದು" ಎಂದರು. ಸ್ವಲ್ಪ ಬಿಟ್ಟು, "ಮಷಿನ್ ಬಿಡಿಸಿದ ಮೇಲೆ ಗೊತ್ತಾತು, ಇಷ್ಟ ಅಂತ" ಎಂದರು.

ಮಷಿನ್ ಬಿಡಿಸಿದ್ದಕ್ಕೆ ಕಾರಣ ಒಂದು ಗೀರು. ಏಣಿ ಪ್ಲೇಟಿನ ಎರಡನೇ ಮಗ್ಗುಲಿನ ಮೊದಲ ಹಾಡಿನಲ್ಲಿ ಒಂದು ಕಡೆ ಸೂಜಿ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡರೆ ಅದೇ ತುಂಡು ಮತ್ತೆ ಮತ್ತೆ. ವಂದನಾ ಅಲ್ಲಿಗೆ ಬರುತ್ತಲೇ ಟೇಪು ನಿಲ್ಲಿಸಿ, ಸೂಜಿ ಎತ್ತಿ ಸ್ವಲ್ಪ ಮುಂದೆ ಇಟ್ಟು, ಮತ್ತೆ ಟೇಪು ಓಡಿಸುತ್ತಿದ್ದರು. ಹಾಗಾಗಿ ಕ್ಯಾಸೆಟ್ಟಿನಲ್ಲಿ ಒಂದು ಸಾಲು ಇಲ್ಲ. ಕತ್ತಲೆಯಲ್ಲಿ ಮೆಟ್ಟಿಲು ತಪ್ಪಿದ ಹಾಗೆ ಹಾಡು ಅಲ್ಲಿ ಒಂದು ಸಲ ಹಾರುತ್ತದೆ. ನಮ್ಮ ಮೂರು ತಾಲೂಕಿನಲ್ಲಿ ಆ ಹಾಡು ಗೊತ್ತಿದ್ದವರಿಗೆಲ್ಲ ಹಾರುವ ಹಾಡೇ ಗೊತ್ತು. ಮದುವೆ ಮೆರವಣಿಗೆಯ ಬ್ಯಾಂಡಿನವರು ಕ್ಯಾಸೆಟ್ಟು ಕೇಳಿ ಕಲಿತದ್ದು, ಅವರೂ ಆ ಜಾಗಕ್ಕೆ ಬಂದಾಗ ಡೋಲು, ಪೀಪಿ ಎಲ್ಲ ಒಟ್ಟಿಗೆ ಹಾರುತ್ತವೆ. ಓಂ ಬೀಚಿನಲ್ಲಿ ಊಟದ ಶೆಡ್ಡು ಇಟ್ಟಿರುವ ಕುಮಟಾದ ಒಬ್ಬ, ಯಾರೋ ಫೋನಿನಲ್ಲಿ ಪೂರ್ತಿ ಹಾಡು ಕೇಳಿಸಿದಾಗ, "ನಿಮ್ಮ ಫೋನೇ ಸರಿ ಇಲ್ಲ, ನಡುವೆ ಎಂತದೋ ತುರುಕಿದ್ದಾರೆ" ಎಂದು ಜಗಳಕ್ಕೇ ನಿಂತಿದ್ದನಂತೆ.

ಗೀರು ಮಾಡಿದ್ದು ಯಾರು ಎಂಬುದಕ್ಕೆ ಹೊನ್ನಾವರದಲ್ಲಿ ಒಂದೇ ಉತ್ತರ: ಆ ಹುಡುಗಿ. ಅಣ್ಣ ಎಲ್ಲರೆದುರಿಗೆ ಹೇಳಿದ್ದರು: ಪ್ಲೇಟು ಬಂದ ದಿನ ನಾನೇ ಹಾಕಿ ಕೇಳಿದ್ದೆ, ಸರಿ ಇತ್ತು, ಮರುದಿನ ತಂಗಿ ಕೈ ಹಾಕಿದಳು, ಹಾಳಾಯಿತು. ರಜೆಗೆ ಬಂದ ಸಾಹೇಬರು ಗೀರು ನೋಡಿ ಮೂರೂ ಪ್ಲೇಟು ಎತ್ತಿಕೊಂಡು ಹೋದರು. ಅಂಗಡಿ ಬಿದ್ದಿತು. ಅಣ್ಣ ಕುಮಟಾಕ್ಕೆ ಹೋಗಿ ಟಿವಿ ಅಂಗಡಿ ಹಾಕಿದರು. ತಂಗಿಗೆ ಹೊಲಿಗೆ ಮಷಿನ್ ಬಂತು. ಅಲ್ಲಿಂದ ಈಚೆಗೆ ಆ ಮನೆಯಲ್ಲಿ ಲೋಟ ಬಿದ್ದು ಒಡೆದರೂ, ವಂದನಾ ಮುಟ್ಟಿದ್ದಳಾ ಎಂದು ಕೇಳುವ ರೂಢಿ. ನಾಲ್ಕು ಜನ ನೆಂಟರಿದ್ದಾಗ ಅದೊಂದು ತಮಾಷೆ. ನಲವತ್ತು ವರ್ಷದ ತಮಾಷೆ.

ಇಷ್ಟು ಕೇಳಿದ ಮೇಲೂ ನನಗೆ ಸಮಾಧಾನ ಆಗಲಿಲ್ಲ. ಗೀರು ಬಿದ್ದ ಹಾಡಿನ ಕ್ಯಾಸೆಟ್ಟನ್ನು ಈಗ ಹುಡುಕುವುದು ಯಾಕೆ? ಬರೀ ಕೇಳುವುದಕ್ಕೆ ಎಂದರೆ ನಂಬಬೇಕೇ?

ಇದೆ ಬನ್ನಿ ಎಂದು ಹೇಳಿ ಕಳಿಸಿದೆ. ಬಂದರು. ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡು, ಕಿಬ್ಬೆರಳು ಹಾಕಿ ಸುರುಳಿ ತಿರುಗಿಸಿ, ಮೂಗಿಗೆ ಹಿಡಿದು ಬೂಷ್ಟಿನ ವಾಸನೆ ನೋಡಿದರು. ಆಮೇಲೆ ತಿರುಪಿನ ಮೇಲೆ ಕಣ್ಣು ಹೋಯಿತು.

"ಬಿಚ್ಚಿದ್ರಾ?"

"ನನ್ನ ಅಂಗಡಿ ಸಾಮಾನು. ಬಿಚ್ತೆ, ಒಡೀತೆ."

"ಎಂತ ಹುಡ್ಕಿದ್ರಿ? ದುಡ್ಡಾ?"

"ನೀವು ಎಂತ ಹುಡುಕ್ತ್ರಿ ಅಂತ ಹುಡ್ಕಿದೆ."

ಅವರು ನನ್ನನ್ನು ನೋಡಿದ ನೋಟ ನಾನು ಗಿರಾಕಿಗಳನ್ನು ನೋಡುವ ನೋಟವೇ. ರೇಟು ಹೇಳಿದೆ, ಸ್ವಲ್ಪ ಜಾಸ್ತಿಯೇ. ನನ್ನ ಕೈಬರಹಕ್ಕೆ ನಾನೇ ದುಡ್ಡು ಕೊಡುವುದಾ ಎಂದು ಗೊಣಗುತ್ತ ಚೀಲದೊಳಗೆ ಕೈ ಹಾಕಿದರು. ಅವರು ಎಣಿಸುವ ತನಕ ನಾನು ಒಂದು ಹಳೇ ಕೂಲರನ್ನು ಎಳೆದುಕೊಂಡು ಬಿಚ್ಚತೊಡಗಿದೆ. ಕೈ ಕೆಲಸದಲ್ಲಿದ್ದರೆ ನನ್ನ ಬಾಯಿ ತನ್ನಷ್ಟಕ್ಕೆ ಶಿಳ್ಳೆ ಹಾಕುತ್ತದೆ. ಸಣ್ಣಂದಿನಿಂದ ಬಂದದ್ದು ಒಂದೇ ರಾಗ. ಯಾವುದೆಂದು ನಾನು ಯೋಚಿಸಿದವನೂ ಅಲ್ಲ.

ತಲೆ ಎತ್ತಿದರೆ ವಂದನಾ ಬಾಯಿ ಎದುರಿಗೇ ನಿಂತಿದ್ದಾರೆ.

"ಇನ್ನೊಂದ್ಸಲ ಹೊಡೀರಿ."

"ಎಂತ?"

"ಶಿಳ್ಳೆ."

ನನ್ನ ಕಿವಿ ಬಿಸಿಯಾಯಿತು. "ಬಾಯಿ, ನಿಮ್ಗೆ ಹೊಡೆದದ್ದಲ್ಲ ಅದು. ನನ್ನಷ್ಟಕ್ಕೆ ಹೊಡ್ಕಂಡದ್ದು. ನನ್ಗೂ ಸೊಸೆ ಬಂದಿದ್ದಾಳೆ. ಇಲ್ಲಿ ಗಲಾಟೆ ಮಾಡೂದು ಬ್ಯಾಡ."

"ಥೂ, ನಿನ್ನ ಶಿಳ್ಳೆಗೆ ತಿರುಗಿ ನೋಡೂ ವಯಸ್ಸಾ ನನ್ದು? ಆ ರಾಗ ಹೊಡಿ ಮಾರಾಯಾ." ಬಹುವಚನ ಎಲ್ಲಿ ಹೋಯಿತೋ, ಇಬ್ಬರಿಗೂ ಗೊತ್ತಾಗಲಿಲ್ಲ.

ಹೊಡೆದೆ. ನಡುವಿನ ಒಂದು ಜಾಗ ಬರುತ್ತಲೇ ಕೈ ಎತ್ತಿ ನಿಲ್ಲಿಸಿದರು.

"ಇಲ್ಲಿ. ಒಂದೇ ತುಂಡನ್ನ ಮತ್ತೆ ಮತ್ತೆ ಹೊಡೀತ್ಯಲ್ಲ, ಎಂತಕ್ಕೆ?"

"ಹಾಡೇ ಹಂಗೆ."

"ಹಾಡು ಹಂಗಲ್ಲ. ಕ್ಯಾಸೆಟ್ಟಲ್ಲೂ ಹಂಗಲ್ಲ. ಕ್ಯಾಸೆಟ್ಟಲ್ಲಿ ಹಾರ್ತದೆ. ಕುಮಟಾದಿಂದ ಭಟ್ಕಳದ ತನಕ ಎಲ್ರ ಬಾಯಲ್ಲೂ ಹಾರ್ತದೆ. ಸಿಕ್ಕಿ ಬೀಳೂದು ಪ್ಲೇಟಲ್ಲಿ ಮಾತ್ರ. ಪ್ಲೇಟು ತಿರ್ಗುವಾಗ ಅಂಗಡಿ ಒಳಗೆ ನಾ ಒಬ್ಳೇ. ಗಿರಾಕಿಗಳೆಲ್ಲ ಬಾಗ್ಲ ಹೊರಗೆ. ನೀ ಎಲ್ಲಿ ಕೇಳಿದ್ದು?"

"ಅಪ್ಪ ಹೊಡೀತಿದ್ದ. ಅದನ್ನೇ ಕಲ್ತದ್ದು."

"ಅಪ್ಪ ಅಂದ್ರೆ ಯಾರು?"

"ಮಾಸ್ತಪ್ಪ ನಾಯ್ಕ. ಮೈಕ್ ಸೆಟ್ ಮಾಸ್ತಪ್ಪ ಅಂದ್ರೆ ಈ ಕಡೆ ಈಗ್ಲೂ ಜನ ಕೈ ಮುಗೀತ್ರು."

ಬಾಯಿ ಹಳೇ ಪೇಪರಿನ ಕಟ್ಟಿನ ಮೇಲೆ ಕುಳಿತುಬಿಟ್ಟರು. ಕ್ಯಾಸೆಟ್ಟು ಎರಡೂ ಕೈಯಲ್ಲಿತ್ತು. "ಭಟ್ಕಳದಿಂದ ಪ್ಲೇಟು ತಂದು ನನ್ನ ಕೈಗೆ ಕೊಟ್ಟವ್ರು ಅವ್ರೇ" ಎಂದರು. "ದಾರಿ ಮೇಲೆ ಎಂತ ಮಾಡಿದ್ರು ನಿನ್ನ ಅಪ್ಪ?"

ಆಮೇಲೆ ನಾನು ಏನು ಮಾತಾಡಿದೆ ಎಂದು ಬರೆಯುವ ಹಾಗಿಲ್ಲ. ನನ್ನ ಅಪ್ಪ ಸತ್ತು ಹದಿನೈದು ವರ್ಷ. ಬೇರೆಯವರ ಒಂದು ತುಂಡು ವಯರು ಮನೆಗೆ ತಂದವನಲ್ಲ. ಸತ್ತವನ ಮೇಲೆ ಹೊರಿಸಲು ಬಂದಿದ್ದೀರಾ, ಇದಕ್ಕಾ ಊರೂರು ಸುತ್ತಿದ್ದು ಎಂದು ಹೆದ್ದಾರಿಗೆ ಕೇಳುವ ಹಾಗೆ ಕೂಗಾಡಿದೆ. ಅವರು ತಿರುಗಿ ಒಂದು ಮಾತೂ ಆಡಲಿಲ್ಲ. ಕ್ಯಾಸೆಟ್ಟನ್ನು ತಕ್ಕಡಿಯ ಮೇಲೆ ಇಟ್ಟು, ಕೊಡೆ ಬಿಚ್ಚಿಕೊಂಡು ಬಸ್ ಸ್ಟಾಪಿಗೆ ಹೋದರು. ಬೈದರೆ ತಿರುಗಿ ಬೈಯುವವರ ಮೇಲೆ ನನಗೆ ಸಂಶಯ ಕಡಿಮೆ. ಸುಮ್ಮನೆ ಹೋಗುವವರು ಸರಿ ಇರಬಹುದು ಎಂದು ಹೆದರಿಕೆ.

ಮನೆಗೆ ಹೋದಾಗ ಅಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಶೆಟ್ಲಿ ಸಿಗಡಿಯ ಸಿಪ್ಪೆ ಬಿಡಿಸುತ್ತಿದ್ದಳು. ಸೀದಾ ಕೇಳಿದರೆ ನನ್ನ ಅಮ್ಮ ಗಣಪಿ ಯಾವುದಕ್ಕೂ ಬಾಯಿ ಬಿಡುವವಳಲ್ಲ. ಹತ್ತಿರ ಕುಳಿತು ಸುಮ್ಮನೆ ಆ ಶಿಳ್ಳೆ ಹಾಕಿದೆ. ಸಿಕ್ಕಿ ಬೀಳುವ ಜಾಗ ಬರುತ್ತಲೇ ಅವಳಿಗೆ ನಗು ಬಂತು.

"ನಿಮ್ಮಪ್ಪಂದೇ ಶಿಳ್ಳೆ. ಅಂವ ಅದನ್ನ ಹೊಡೆದಾಗೆಲ್ಲ ನಂಗೆ ನಿನ್ನ ಚಿಕ್ಕಿ ಮದ್ವೆ ನೆನ್ಪಾಗ್ತಿತ್ತು."

"ಚಿಕ್ಕಿ ಮದ್ವೇಲಿ ಎಂತ ಆಗಿತ್ತು?"

"ಇಂಗ್ಲಿಷ್ ಪ್ಲೇಟು ಹಾಕಿದ್ದಲ್ಲ. ಯಾರೋ ಸಾಹೇಬ್ರದ್ದು, ಹೊನ್ನಾವರಕ್ಕೆ ಮುಟ್ಸೂಕೆ ಕೊಟ್ಟದ್ದು. ನಾದಿನಿ ಮದ್ವೆ, ಊರಲ್ಲಿ ಯಾರೂ ಹಾಕದ್ದು ಒಂದೇ ಒಂದು ಹಾಕ್ತೆ ಅಂದ. ನಮ್ಮ ಮಷಿನ್ ಸೂಜಿ ಎಂಥದ್ದು, ದಬ್ಬಣ. ನಡುವೆ ಸಿಕ್ಕಿ ಬಿತ್ತು. ಕಂಬಕ್ಕೆ ಕಟ್ಟಿದ ಎರಡೂ ಮೈಕು ಅದೇ ಅದೇ ಒದರ್ತವೆ. ಧಾರೆಗೆ ಕೂತ ಮದುಮಗ ನಗೂಕೆ ಶುರು ಮಾಡ್ದ. ಭಟ್ರಿಗೆ ಮಂತ್ರ ತಪ್ಪಿ ಹೋತು. ನಿಮ್ಮಪ್ಪ ಅನ್ನದ ಕೈಯಲ್ಲೇ ಓಡಿ ಬಂದು ಹೆಬ್ಬೆಟ್ಟಲ್ಲಿ ಒತ್ತಿ ದೂಡ್ದ. ಕರ್ ಅಂತು ನೋಡು."

"ಆಮೇಲೆ?"

"ಆಮೇಲೆ ಎಂತ. ಒರಸಿ, ಪೊಟ್ಟಣಕ್ಕೆ ಹಾಕಿ, ಸಂಜೆ ಮುಂಚೆ ಕೊಟ್ಟು ಬಂದ. ಅಂಗಡೀಲಿ ಯಜಮಾನ್ರು ಇರ್ಲಿಲ್ಲ, ಒಬ್ಳು ಹುಡುಗಿ ಇದ್ಳು, ಬಿಚ್ಚಿ ನೋಡ್ದೆ ತಕ್ಕಂಡ್ಳು, ಬದುಕಿದೆ ಅಂದ."

ಅಮ್ಮ ನಗುತ್ತಲೇ ಇದ್ದಳು. ನಾನು ನಗದೇ ಇದ್ದುದನ್ನು ನೋಡಿ ಏನಾಯಿತು ಎಂದು ಕೇಳಿದಳು. ಆ ಹುಡುಗಿಗೆ ಏನಾಯಿತು ಎಂದು ಹೇಳಿದೆ. ಶೆಟ್ಲಿ ಬಿಡಿಸುವ ಕೈ ನಿಂತಿತು.

"ಈಗೆಲ್ಲಿದ್ದಾಳೆ?"

"ಹೊನ್ನಾವರದಲ್ಲೇ. ರವಿಕೆ ಹೊಲೀತ್ರು."

"ಹಂಗಾರೆ ಹೋಗು ಸೋಮ. ನಿಮ್ಮಪ್ಪ ಬದುಕಿದೆ ಅಂದದ್ದು ಅವ್ಳ ಲೆಕ್ಕದಾಗೆ."

ಅಪ್ಪನ ಹೆಸರು ಎಂದರೆ ನಮ್ಮ ಮನೆಯಲ್ಲಿ ಇರುವ ಆಸ್ತಿ ಅದೊಂದೇ. ನಾನು ಬಾಯಿ ಮುಚ್ಚಿಕೊಂಡರೆ ಈ ಮಾತು ಹಿತ್ತಿಲಲ್ಲೇ ಮುಗಿಯುತ್ತದೆ. ಆದರೆ ಮರುದಿನ ಅಂಗಡಿಯಲ್ಲಿ ಕೂಲರಿನ ಮುಂದೆ ಕುಳಿತರೆ ಶಿಳ್ಳೆ ಬರಲಿಲ್ಲ. ಬಂದರೂ ಆ ಜಾಗಕ್ಕೆ ಮುಟ್ಟುವ ಮೊದಲೇ ನಿಲ್ಲುತ್ತಿತ್ತು. ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ತಕ್ಕಡಿಯ ಮೇಲೆ ಬಿದ್ದಿದ್ದ ಕ್ಯಾಸೆಟ್ಟನ್ನು ಕಿಸೆಗೆ ಹಾಕಿಕೊಂಡು ಟೆಂಪೋ ತೆಗೆದೆ.

ವಂದನಾ ಬಾಯಿ ಬಾಗಿಲನ್ನು ಅರ್ಧ ಮಾತ್ರ ತೆರೆದರು. "ಎಷ್ಟು ಕೊಡೂದು ಹೇಳು, ಅಲ್ಲೇ ನಿಲ್ಲು" ಎಂದರು.

"ಎಂತದೂ ಬ್ಯಾಡ. ಗೀರು ನಿಮ್ದಲ್ಲ. ನಮ್ಮಪ್ಪಂದು." ಅಮ್ಮ ಹೇಳಿದ್ದನ್ನೆಲ್ಲ ಹೊಸಿಲಿನ ಹೊರಗೆ ನಿಂತೇ ಹೇಳಿದೆ.

ಅವರು ಬಾಗಿಲ ಚಿಲಕ ಹಿಡಿದುಕೊಂಡು ಕೇಳಿದರು. ಅಳಲಿಲ್ಲ. "ನನ್ನೆದುರು ಹೇಳಿದ್ರೆ ಎಂತ ಬಂತು. ದಾದಾನ ಎದುರು ಹೇಳ್ತ್ಯಾ?" ಎಂದರು. ಅಣ್ಣನಿಗೆ ಅವರು ದಾದಾ ಎನ್ನುವುದು.

"ಹತ್ತಿ."

"ಅಲ್ಲಿ ಹೋಗಿ ಮಾತು ತಿರುಗಿಸ್ತ್ಯೇನೋ."

"ನನ್ನ ಮೇಲೆ ನಂಬಿಕೆ ಇಲ್ದಿದ್ರೆ ಬಸ್ಸಿಗೆ ಬನ್ನಿ."

ಹತ್ತಿದರು. ಹೊನ್ನಾವರ ದಾಟುವಾಗ, ದಾರಿ ಖರ್ಚು ಯಾರದು ಎಂದು ಒಮ್ಮೆ ಕೇಳಿದರು. ಕುಮಟಾ ಹತ್ತಿರ ಬರುವಾಗ, ಇದನ್ನೆಲ್ಲ ಮಾಡಿ ನಿನಗೇನು ಲಾಭ ಎಂದು ಕೇಳಿದರು. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ.

ಕೃಷ್ಣಾನಂದ ಶಾನಭಾಗರು ಎಪ್ಪತ್ತು ದಾಟಿದವರು, ಬಿಳಿ ಅಂಗಿ, ಬೋಳು ತಲೆ. ಜಗಲಿಯಲ್ಲಿ ಗಾಜಿನ ಕಪಾಟಿನೊಳಗೆ ಅವರ ಹಳೇ ಟೇಪ್ ಮಷಿನ್ ಇತ್ತು, ದೇವರ ಪೆಟ್ಟಿಗೆಯ ಹಾಗೆ ಒರೆಸಿ ಇಟ್ಟಿದ್ದರು. ಈಗಲೂ ನಡೆಯುತ್ತದಂತೆ. ಅಣ್ಣ ತಂಗಿ ಮೊದಲು ಕೊಂಕಣಿಯಲ್ಲಿ ಮಾತಾಡಿಕೊಂಡರು. ಇವನು ಯಾರು, ಯಾಕೆ ಕರೆದುಕೊಂಡು ಬಂದೆ, ದುಡ್ಡಿಗೆ ಬಂದವನಾ ಎಂದು ಅವರು ಕೇಳಿದ್ದು ನನಗೆ ಪೂರ್ತಿ ತಿಳಿಯಿತು. ಗುಜರಿಯವನಿಗೆ ಎಲ್ಲ ಭಾಷೆಯೂ ಅಷ್ಟಿಷ್ಟು ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

ವಂದನಾ ಬಾಯಿ ಕ್ಯಾಸೆಟ್ಟು ಹಿಡಿದು ಕಪಾಟಿನ ಹತ್ತಿರ ಹೋದರು.

"ಹೇ, ನೀ ಮುಟ್ಟಬ್ಯಾಡ. ಇಲ್ಲಿ ಕೊಡು" ಎಂದು ಕೃಷ್ಣಾನಂದರು ಎದ್ದು ಕ್ಯಾಸೆಟ್ಟು ಕಿತ್ತುಕೊಂಡರು. ನನ್ನ ಕಡೆ ತಿರುಗಿ ನಕ್ಕರು. "ಇವ್ಳ ಕೈ ಗೊತ್ತಿಲ್ಲ ನಿಮ್ಗೆ."

"ಗೊತ್ತಿದೆ. ಅದಕ್ಕೇ ಬಂದದ್ದು" ಎಂದೆ. ಕುಳಿತುಕೊಳ್ಳದೆ, ನಿಂತಲ್ಲೇ ಶಿಳ್ಳೆ ಶುರು ಮಾಡಿದೆ. ಒಳಗಿನಿಂದ ಅವರ ಹೆಂಡತಿ ಸುಚಿತಾ ಬಾಯಿ ಚಹದ ಲೋಟ ಹಿಡಿದುಕೊಂಡು ಬಂದವರು ಬಾಗಿಲಲ್ಲೇ ನಿಂತರು. ಸಿಕ್ಕಿ ಬೀಳುವ ತುಂಡು ಒಮ್ಮೆ ಬಂತು, ಮತ್ತೆ ಬಂತು, ಮತ್ತೆ. ಕೃಷ್ಣಾನಂದರ ಮುಖದ ನಗು ಇಳಿಯಿತು.

"ಇದನ್ನ ಎಲ್ಲಿ ಕೇಳಿದೆ ನೀನು?"

ಹೇಳಿದೆ. ಅಪ್ಪ, ಚಿಕ್ಕಿಯ ಮದುವೆ, ದಬ್ಬಣದ ಸೂಜಿ, ಹೆಬ್ಬೆಟ್ಟು.

ಕೃಷ್ಣಾನಂದರು ಕ್ಯಾಸೆಟ್ಟನ್ನು ಮಗುಚಿ ನೋಡಿದರು. ಆಮೇಲೆ ತಲೆ ಅಲ್ಲಾಡಿಸಿದರು. "ಕತೆ ಚೆನ್ನಾಗಿದೆ. ಎಷ್ಟು ಕೊಟ್ಳು ಇವ್ಳು ನಿಂಗೆ? ಪ್ಲೇಟು ಬಂದ ದಿನ ಇವ್ಳು ಮನೆಗೆ ಹೋದ ಮೇಲೆ, ರಾತ್ರಿ ಅಂಗಡೀಲೇ ಉಳ್ದು ನಾನೇ ಹಾಕಿ ಕೇಳಿದ್ದೆ. ಎರಡೂ ಮಗ್ಗುಲು. ಒಂದು ಚುಕ್ಕೆ ಇರ್ಲಿಲ್ಲ."

ಅಪ್ಪನ ಮರ್ಯಾದೆ ತಂದು ಇವರ ಜಗಲಿಯ ಮೇಲೆ ಇಟ್ಟರೆ, ಇವರು ರೇಟು ಕೇಳುತ್ತಾರೆ. "ಶಾನಭಾಗ್ರೇ, ದುಡ್ಡು ತಕ್ಕಂಡು ಅಪ್ಪನ್ನ ಬೈಯೂ ಮಗ ಯಾವ ಊರಲ್ಲಿದ್ದಾನೆ?" ಎಂದೆ. ಲೋಟ ಅಲ್ಲಾಡುವಷ್ಟು ದೊಡ್ಡ ದನಿಯಾಗಿರಬೇಕು. ಯಾಕೆಂದರೆ ಸುಚಿತಾ ಬಾಯಿ ಚಹವನ್ನು ಅಲ್ಲೇ ಸ್ಟೂಲಿನ ಮೇಲೆ ಇಟ್ಟುಬಿಟ್ಟರು.

"ಯಾವ ಪ್ಲೇಟು? ಮೀರಾನ್ ಸಾಹೇಬ್ರು ಕಳ್ಸಿದ್ದಾ?" ಎಂದು ಗಂಡನನ್ನು ಕೇಳಿದರು.

"ನಿಂಗೆ ತಿಳಿಯೂದಿಲ್ಲ, ಒಳಗೆ ಹೋಗು."

"ತಿಳಿಯೂದಿಲ್ಲ ಎಂತಕ್ಕೆ? ಅದು ಬಂದ ದಿನ ಸಂಜೆ ನೀವು ಕುಮಟಾದಲ್ಲಿ ಇದ್ರಿ ಅಲ್ಲ. ನಿಶ್ಚಯ ಆಗಿತ್ತು, ಮದ್ವೆ ಆಗಿರ್ಲಿಲ್ಲ. ಇವತ್ತು ದುಬೈ ಪ್ಲೇಟು ಬರೂದಿತ್ತು, ಅದನ್ನೂ ಬಿಟ್ಟು ನಿನ್ನ ನೋಡೂಕೆ ಬಂದೆ ಅಂದ್ರಿ. ಕಡೇ ಬಸ್ಸು ತಪ್ಪಿ ಮಾವನ ಮನೇಲಿ ಉಳ್ಕಂಡ್ರಿ. ಯಾರಿಗೂ ಹೇಳಬ್ಯಾಡ ಅಂತ ಆಣೆ ಹಾಕ್ಸಿದ್ದೂ ನೀವೇ." ಅವರು ನಾದಿನಿಯ ಕಡೆ ನೋಡಿದರು. "ಎಲ್ರೂ ಗೀರು ಗೀರು ಅಂತ ನಗಾಡೂದು ಆ ಪ್ಲೇಟಿಂದೇ ಅಂತ ನಂಗೆ ಇವತ್ತೇ ಗೊತ್ತಾದ್ದು ವಂದನಾ."

ಕೃಷ್ಣಾನಂದರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ವಂದನಾ ಬಾಯಿ ಗೋಡೆಗೆ ಒರಗಿ ನಿಂತು ಅಣ್ಣನನ್ನೇ ನೋಡುತ್ತಿದ್ದರು, ಕಣ್ಣು ಮಿಟುಕಿಸದೆ. ತಪ್ಪಾಯಿತು ಎಂಬ ಮಾತು ಬರುತ್ತದೆಯೋ ಎಂದು ನಾನೂ ಕಾದೆ. ಬರಲಿಲ್ಲ. ಕೃಷ್ಣಾನಂದರು ಎದ್ದು ಕಪಾಟಿನ ಗಾಜು ಸರಿಸಿದರು. ಕ್ಯಾಸೆಟ್ಟನ್ನು ತಂಗಿಯ ಕಡೆಗೆ ಚಾಚಿದರು.

"ನೀನೇ ಹಾಕು" ಎಂದರು.

ವಂದನಾ ಬಾಯಿ ಕೂಡಲೇ ತೆಗೆದುಕೊಳ್ಳಲಿಲ್ಲ. ಸೆರಗಿನಲ್ಲಿ ಎರಡೂ ಕೈ ಒರೆಸಿಕೊಂಡರು. ಆಮೇಲೆ ಕ್ಯಾಸೆಟ್ಟು ಒಳಗಿಟ್ಟು, ಗುಂಡಿ ಒತ್ತಿದರು. ಕಣ್ಣು ಮುಚ್ಚಿದರೂ ಆ ಬೆರಳು ಜಾಗ ತಪ್ಪುತ್ತಿರಲಿಲ್ಲ ಎಂದು ಕಾಣುತ್ತದೆ. ಗಿಟಾರು ಶುರುವಾಯಿತು. ನನ್ನ ಶಿಳ್ಳೆಯ ರಾಗ ಇಷ್ಟು ದೊಡ್ಡದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಡುವಿನ ಜಾಗ ಬಂದಾಗ ಹಾಡು ಹಾರಿತು. ನಾನು ಅಭ್ಯಾಸ ಬಲದಿಂದ ಅದೇ ತುಂಡಿನಲ್ಲಿ ಉಳಿದುಬಿಟ್ಟೆ. ಹಾಡು ಮುಂದೆ, ನಾನು ಹಿಂದೆ. ಸುಚಿತಾ ಬಾಯಿ ನಕ್ಕರು. ಅಣ್ಣ ತಂಗಿ ನಗಲಿಲ್ಲ. ಆದರೆ ಇಬ್ಬರ ಕಾಲೂ ಒಂದೇ ತಾಳಕ್ಕೆ ಆಡುತ್ತಿತ್ತು, ಅದನ್ನು ನಾನು ನೋಡಿದೆ.

ವಾಪಸು ಬರುವಾಗ, ಹೊನ್ನಾವರ ಹತ್ತಿರ ಬಂದ ಮೇಲೆ ಬಾಯಿ ನನ್ನ ಕಡೆ ತಿರುಗಿದರು.

"ಸೋಮ, ನಿಂಗೆ ಎಂತ ಕಾಣ್ತು?" ಎಂದರು. "ಅಂವ ಮನ್ಸಿಂದ ಕೊಟ್ನಾ, ವೈನಿ ನೋಡ್ತಾ ನಿಂತಿದ್ರು ಅಂತ ಕೊಟ್ನಾ?"

ವೈನಿ ಎಂದರೆ ಅತ್ತಿಗೆ. ನನಗೂ ಅದೇ ಸಂಶಯ ಇತ್ತು. "ಹೇಳೂಕೆ ಬರೂದಿಲ್ಲ" ಎಂದೆ.

"ಸೋಮವಾರ ವೈನಿ ಭಜನೆಗೆ ಹೋತ್ರು. ಮನೇಲಿ ಅಂವ ಒಬ್ನೇ ಇರ್ತ." ಚೀಲವನ್ನು ತೊಡೆಯ ಮೇಲೆ ಸರಿ ಮಾಡಿಕೊಂಡರು. ಕ್ಯಾಸೆಟ್ಟು ಅದರೊಳಗಿತ್ತು. "ಆವಾಗ ಒಂದ್ಸಲ ಹೋಗಿ ಮಷಿನ್ ಮುಟ್ಟಿ ನೋಡ್ತೆ."